ಗೋದಾಮಿನಲ್ಲಿ ಕೂಗಿದ ತೂಕ

ಅವನನ್ನು ಎಲ್ಲರೂ ಗಂಟಲಣ್ಣ ಎಂದೇ ಕರೆಯುವುದು. ಧಾನ್ಯದ ಗೋದಾಮಿನಲ್ಲಿ ಮೂಟೆ ತೂಕ ಹಾಕುವುದು ಅವನ ಕೆಲಸ. ಹಮಾಲರು ಮೂಟೆ ತಂದು ತೂಕದ ಯಂತ್ರದ ಹಲಗೆಯ ಮೇಲೆ ಇಳಿಸುತ್ತಾರೆ, ಇವನು ಮುಳ್ಳು ನಿಲ್ಲುವ ತನಕ ಕಾದು ತೂಕವನ್ನು ರಾಗ ಎಳೆದು ಕೂಗುತ್ತಾನೆ, ಹಮಾಲರೆಲ್ಲ ಅದನ್ನೇ ಒಟ್ಟಾಗಿ ತಿರುಗಿ ಕೂಗುತ್ತಾರೆ. ಹಿಂದೆ ಇಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ಕಿವಿ ಮಂದವಾಗಿತ್ತಂತೆ, ಅವನಿಗಾಗಿ ಶುರುವಾದ ಪದ್ಧತಿ. ಈಗಿನ ಗುಮಾಸ್ತನಿಗೆ ಪಕ್ಕದ ಬೀದಿಯ ಪಿಸುಮಾತೂ ಕೇಳಿಸುತ್ತದೆ. ಆದರೂ ಕೂಗು ನಿಂತಿಲ್ಲ. ಕೂಗಿಲ್ಲದಿದ್ದರೆ ಹಮಾಲರಿಗೆ ಕೈಕಾಲೇ ಆಡುವುದಿಲ್ಲ.

ವಯಸ್ಸಿನಲ್ಲಿ ಅವನೂ ಮೂಟೆ ಹೊತ್ತವನೇ. ಬೆನ್ನು ಕೈಕೊಟ್ಟ ಮೇಲೆ ಗಂಟಲು ಕೈಹಿಡಿಯಿತು. ನಗೆಮಾತಿನ ಮನುಷ್ಯ. ಮನೆಗೆ ನೆಂಟರು ಬಂದರೆ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಅಡಿಯಿಂದ ಮುಡಿಯವರೆಗೆ ನೋಡಿ, ಹೋದ ಸಲಕ್ಕಿಂತ ಎಷ್ಟು ಏರಿದ್ದಾರೆ, ಎಷ್ಟು ಇಳಿದಿದ್ದಾರೆ ಎಂದು ಹೇಳಿಬಿಡುವನು. ಬಂದವರು ನಗುತ್ತಿದ್ದರು. ನಗದೆ ಮತ್ತೇನು ಮಾಡುತ್ತಾರೆ, ಒಳಗೆ ಬರಬೇಕಲ್ಲ. ಅವನ ಮನೆತನದಲ್ಲಿ ಪ್ರೀತಿ ಅಂದರೆ ಕಾಲೆಳೆಯುವುದು. ಚಿಕ್ಕವನಿದ್ದಾಗ ಬಡಕಲಾಗಿದ್ದ ಅವನನ್ನು ಅವನಪ್ಪ ಕಣ್ಣು ಮುಚ್ಚುವವರೆಗೂ ಬರಿಗೋಣಿ ಎಂದೇ ಕರೆದ. ಹಾಗೆ ಕರೆಸಿಕೊಳ್ಳುವುದು ತನಗೆ ಇಷ್ಟವಿತ್ತೇ ಎಂದು ಗಂಟಲಣ್ಣ ಯಾವತ್ತೂ ಯೋಚಿಸಿದವನಲ್ಲ.

ಅವನಿಗೆ ಒಬ್ಬಳೇ ಮಗಳು, ಹೈಸ್ಕೂಲು ಓದುವವಳು. ಮೈಕೈ ತುಂಬಿಕೊಂಡ ಹುಡುಗಿ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಉಳಿದವರ ಚಪ್ಪಲಿ, ಬ್ಯಾಗು ಕಾಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬರುತ್ತಿತ್ತು. ಅವಳೂ ತನಗೆ ಬೇಕಾದದ್ದು ಅದೇ ಎನ್ನುವಂತೆ ಮರದ ಕೆಳಗೆ ಕೂರುತ್ತಿದ್ದಳು. ಅಲ್ಲಿಂದ ಅವಳನ್ನು ಎಬ್ಬಿಸಿದವಳು ಹಿಂದಿನ ಬೀದಿಯ ಬಸ್ ಡ್ರೈವರನ ಮಗಳು. ಕಡ್ಡಿ ಎಂದು ಅವಳ ಅಡ್ಡಹೆಸರು. ಹೆಸರಿಗೆ ತಕ್ಕ ಮೈ, ಮೈಗೆ ಮೀರಿದ ಬಾಯಿ. ಒಬ್ಬಳೇ ಓಡೋಕೆ ಬೇಜಾರು, ನೀನು ಬರದಿದ್ದರೆ ನಾನೂ ಹೋಗಲ್ಲ ಎಂದು ಹಟ ಹಿಡಿದು, ಬೆಳಕು ಹರಿಯುತ್ತಲೇ ಬಂದು ಗೇಟಿನ ಚಿಲಕ ಅಲ್ಲಾಡಿಸುತ್ತಿದ್ದಳು. ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಇಬ್ಬರೂ ಮೊದಮೊದಲು ನಡೆದರು, ಆಮೇಲೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿದರು, ಆಮೇಲೆ ಕಂಬಗಳ ಲೆಕ್ಕ ಬಿಟ್ಟರು. ಕೆಲವು ವಾರ ಕಳೆಯುವಷ್ಟರಲ್ಲಿ ಮಗಳು ಚಿಲಕದ ಸದ್ದಿಗಿಂತ ಮೊದಲೇ ಎದ್ದು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು.

ಗಂಟಲಣ್ಣನಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗನ್ನು ಅವನು ತನಗೆ ಗೊತ್ತಿದ್ದ ರೀತಿಯಲ್ಲೇ ಹೇಳಿದ. ನಿಧಾನ, ಟ್ಯಾಂಕಿನ ನೀರು ತುಳುಕೀತು ಎಂದ. ಅಡುಗೆಮನೆಯ ಪಾತ್ರೆ ಅಲುಗಿದವು, ನಮ್ಮ ಓಟಗಾರ್ತಿ ಬಂದಳು ಅಂತ ಕಾಣುತ್ತೆ ಎಂದ. ಹೆಜ್ಜೆಯ ಸದ್ದು ಕೇಳಿಯೇ ಎಷ್ಟು ಕರಗಿದ್ದಾಳೆ ಹೇಳಬಲ್ಲೆ ಎಂದು ಕಣ್ಣುಮುಚ್ಚಿ ಕೂತು ಕಿವಿಗೊಟ್ಟ. ಮಗಳು ಹೋಗಪ್ಪ ಎಂದು ನಗುತ್ತಿದ್ದಳು. ಸಾಕು ಮಾಡಿ, ಅವಳು ದಿನಾ ನಗ್ತಾಳೆ ಅಂದ್ಕೋಬೇಡಿ ಎಂದು ಹೆಂಡತಿ ಒಮ್ಮೆ ಹೇಳಿದ್ದುಂಟು. ಆ ಮಾತನ್ನು ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟ.

ಶಾಲೆಗೆ ರಜೆಯಿದ್ದ ಒಂದು ಬೆಳಗ್ಗೆ ಅವನು ಕನ್ನಡಕವನ್ನು ಮನೆಯಲ್ಲೇ ಮರೆತು ಗೋದಾಮಿಗೆ ಬಂದಿದ್ದ. ಕನ್ನಡಕವಿಲ್ಲದೆ ಮುಳ್ಳು ಕಾಣದು, ಮುಳ್ಳು ಕಾಣದೆ ಕೂಗಿಲ್ಲ. ಮೂಟೆಗಳೆಲ್ಲ ಬಾಗಿಲಲ್ಲಿ ಸಾಲುಗಟ್ಟಿದ್ದವು, ಹಮಾಲರು ಅವುಗಳ ಮೇಲೆ ಕೂತು ಆಕಳಿಸುತ್ತಿದ್ದರು. ಅಷ್ಟರಲ್ಲಿ ಮಗಳು ಬಂದಳು. ಮುಖ ಕೆಂಪಗಾಗಿತ್ತು, ಬೆವರು ಕಿವಿಯಿಂದ ಇಳಿಯುತ್ತಿತ್ತು, ಮುಷ್ಟಿಯಲ್ಲಿ ಕನ್ನಡಕ. ಏನೋ ಹೇಳಬೇಕು ಎಂದು ಬಾಯಿ ತೆರೆದಳು, ಏದುಸಿರು ಮಾತಾಡಲು ಬಿಡಲಿಲ್ಲ. ಒಂದು ನಿಮಿಷ ಎಂದು ಕೈ ಎತ್ತಿದಳು. ಮುಖದ ತುಂಬ ನಗು ಇತ್ತು. ಅದನ್ನು ಅವನು ನೋಡಿದ. ನೋಡಿದ್ದನ್ನು ಆಮೇಲೆ ಮರೆಯಲು ಆಗಲಿಲ್ಲ.

ಅವನು ಕನ್ನಡಕ ಮೂಗಿಗೇರಿಸಿದ. ಇದರಲ್ಲಿ ಸರಿಯಾಗಿ ಕಾಣಿಸುತ್ತೋ ಇಲ್ಲವೋ ಮೊದಲು ನೋಡೋಣ ಎಂದು, ಮೇಲೆತ್ತಿದ್ದ ಅದೇ ಕೈ ಹಿಡಿದು ಅವಳನ್ನು ಹಲಗೆಯ ಮೇಲೆ ನಿಲ್ಲಿಸಿದ. ಮುಳ್ಳು ಓಲಾಡಿ ನಿಂತಿತು. ಅವನು ಮೂಟೆಗೆ ಕೂಗುವ ರಾಗದಲ್ಲೇ ಅವಳ ತೂಕ ಕೂಗಿದ. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಅವತ್ತು ಕೂಗಿದ್ದೇ ಸಾಕು. ಕೂಗು ಕಿವಿಗೆ ಬಿದ್ದದ್ದೇ ತಡ, ಆಕಳಿಸುತ್ತಿದ್ದ ಹಮಾಲರೆಲ್ಲ ರೂಢಿಯಂತೆ ಒಕ್ಕೊರಲಿನಿಂದ ಅದನ್ನೇ ತಿರುಗಿ ಕೂಗಿದರು. ತಗಡಿನ ಸೂರು ಇನ್ನೊಮ್ಮೆ ಹೇಳಿತು. ತಾವು ಕೂಗಿದ್ದು ಮೂಟೆಯನ್ನಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಗುಮಾಸ್ತ ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ.

ಮಗಳು ಹಲಗೆಯಿಂದ ಇಳಿದಳು. ಹೇಳಬೇಕೆಂದಿದ್ದನ್ನು ಹೇಳದೆ ಬಾಗಿಲ ಕಡೆ ನಡೆದಳು. ಬಾಗಿಲಲ್ಲಿ ಕಡ್ಡಿ ಆಗಷ್ಟೇ ಬಂದು ಕಂಬ ಹಿಡಿದು ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಇಬ್ಬರೂ ಹೊರಟುಹೋದರು. ಗಂಟಲಣ್ಣನಿಗೆ ಏನೂ ಅನ್ನಿಸಲಿಲ್ಲ. ಆ ದಿನ ಕೆಲಸವೂ ಚುರುಕಾಗಿ ಸಾಗಿತು.

ಮಾರನೆಯ ಬೆಳಗ್ಗೆ ಚಿಲಕ ಅಲ್ಲಾಡಿತು, ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಮಗಳು ಮಂಡಿ ನೋವು ಅಂದಳು. ಆಮೇಲೆ ಓದೋದಿದೆ ಅಂದಳು. ಆಮೇಲೆ ಏನೂ ಹೇಳದೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಟಲಣ್ಣ ಸುಮ್ಮನಿರುವ ಪೈಕಿ ಅಲ್ಲ. ಹೊದಿಕೆ ಕಿತ್ತು ಎಬ್ಬಿಸಿದ. ನಿನ್ನ ವಯಸ್ಸಿನಲ್ಲಿ ನಾನು ಮೂಟೆ ಹೊರುತ್ತಿದ್ದೆ ಎಂದು ತನ್ನ ಪುರಾಣ ಬಿಚ್ಚಿದ. ಆರೋಗ್ಯ, ಶಿಸ್ತು, ಛಲ, ಎಲ್ಲಿಂದೆಲ್ಲಿಂದಲೋ ಕೇಳಿದ್ದನ್ನೆಲ್ಲ ಅವಳ ಮುಂದೆ ಸುರಿದ. ಹೊಸ ಬೂಟು ತಂದುಕೊಟ್ಟ, ಅದು ಡಬ್ಬದಲ್ಲೇ ಉಳಿಯಿತು. ಮಗಳು ಅವನ ಹಳೆಯ ದೊಗಲೆ ಶರ್ಟುಗಳನ್ನು ಹಾಕಿಕೊಂಡು ಓಡಾಡತೊಡಗಿದಳು, ಅವನು ಊಟಕ್ಕೆ ಕೂತರೆ ತಾನು ಆಮೇಲೆ ಉಣ್ಣುತ್ತೇನೆ ಎಂದು ಎದ್ದುಹೋಗುತ್ತಿದ್ದಳು. ಕಡ್ಡಿ ದಿನವೂ ಬಂದು ಚಿಲಕ ಅಲ್ಲಾಡಿಸಿ, ಸ್ವಲ್ಪ ಹೊತ್ತು ನಿಂತು, ಒಬ್ಬಳೇ ಹೋಗುತ್ತಿದ್ದಳು. ಒಂದು ದಿನ ಅವಳೂ ಬರಲಿಲ್ಲ.

ಈಗಿನ ಮಕ್ಕಳಿಗೆ ಯಾವುದನ್ನೂ ಹಿಡಿದು ನಿಲ್ಲುವ ಗುಣವಿಲ್ಲ ಎಂದು ಅವನು ಗೊಣಗಿದಾಗ ಹೆಂಡತಿಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಹೇಳಿದಳು.

"ಅವಳು ಕ್ಲಾಸಿಗೆ ಕಾಲಿಟ್ರೆ ಒಬ್ಬ ಹುಡುಗ ಆ ತೂಕ ಕೂಗ್ತಾನಂತೆ. ಉಳಿದವರೆಲ್ಲ ಒಟ್ಟಿಗೆ ತಿರುಗಿ ಕೂಗ್ತಾರಂತೆ. ನಿಮ್ಮ ಗೋದಾಮಲ್ಲಿ ಕೂಗೋ ಹಾಗೇ. ರಾಗಾನೂ ಅದೇ ಅಂತೆ."

ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಅವನು ಕೇಳಬೇಕಾಗಿರಲಿಲ್ಲ. ಹಿರಿಯ ಹಮಾಲನ ಮಗ ಅದೇ ಕ್ಲಾಸು. ಮಾರನೆಯ ದಿನ ಹಿರಿಯ ಹಮಾಲನೇ ಇವನ ಮುಖ ನೋಡಿ ತಲೆ ಕೆರೆದುಕೊಳ್ಳುತ್ತ ಬಂದು, ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ತಮಾಷೆಗೆ ಅಂತ ಹೇಳಿದ್ದೆ ಅಣ್ಣ ಎಂದ. ಗಂಟಲಣ್ಣ ಅವನನ್ನು ಯಾವ ಬಾಯಿಂದ ಬೈಯುವುದು? ಆ ದಿನ ಪ್ರತಿ ಮೂಟೆಗೂ ಹಮಾಲರು ತಿರುಗಿ ಕೂಗಿದಾಗ ಅವನಿಗೆ ಕ್ಲಾಸಿನ ಬೆಂಚುಗಳು ಕಂಡವು, ಬಾಗಿಲಲ್ಲಿ ಬ್ಯಾಗನ್ನು ಎದೆಗವಚಿಕೊಂಡು ನಿಂತ ಮಗಳು ಕಂಡಳು. ತುಂಬ ವರ್ಷಗಳ ನಂತರ ಬರಿಗೋಣಿ ಎಂಬ ಮಾತು ನೆನಪಾಯಿತು. ಅಪ್ಪ ನಾಲ್ಕು ಜನರ ಮುಂದೆ ಹಾಗೆ ಕರೆದಾಗ ತಾನೂ ನಗುತ್ತಿದ್ದ, ನಕ್ಕು ಹಿತ್ತಲಿಗೆ ಹೋಗಿ ಒಬ್ಬನೇ ನಿಲ್ಲುತ್ತಿದ್ದ. ಗೊತ್ತಿದ್ದೂ ಮಾಡಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಧ್ವನಿ ಕುಗ್ಗಿ, ಜೋರಾಗಿ ಹೇಳಿ ಎಂದು ಗುಮಾಸ್ತ ಗದರಬೇಕಾಯಿತು.

ಕಡ್ಡಿಯ ಕೈಕಾಲು ಹಿಡಿದಾದರೂ ಮಗಳನ್ನು ಕರೆದುಕೊಂಡು ಹೋಗು ಎಂದು ಕೇಳಬೇಕು ಅನ್ನಿಸಿತು. ಒಂದು ಬೆಳಗ್ಗೆ ಟ್ಯಾಂಕಿನ ಹಿಂದಿನ ಬಯಲಿಗೆ ಹೋದ. ಅವಳು ಒಬ್ಬಳೇ ಸುತ್ತು ಹಾಕುತ್ತಿದ್ದಳು. ಇವನನ್ನು ಕಂಡು ನಿಂತಳೇ ಹೊರತು ಹತ್ತಿರ ಬರಲಿಲ್ಲ. ಅವನು ಬಂದ ವಿಷಯವನ್ನು ತಡವರಿಸುತ್ತ ಹೇಳಿದ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು.

"ಮಾವ, ಅವತ್ತು ಅವಳು ನಿಮ್ಮ ಮನೆಯಿಂದ ಗೋದಾಮಿನವರೆಗೂ ಓಡ್ಕೊಂಡು ಬಂದಿದ್ಲು. ಒಂದು ಕಡೆನೂ ನಿಲ್ಲಲಿಲ್ಲ. ನಾನೇ ಸೇತುವೆ ಹತ್ರ ನಿಂತ್ಬಿಟ್ಟೆ, ಆಮೇಲೆ ನಡ್ಕೊಂಡು ಬಂದೆ. ಅಪ್ಪಂಗೆ ಹೇಳ್ಬೇಕು, ಅಪ್ಪಂಗೆ ಹೇಳ್ಬೇಕು ಅಂತಾನೇ ಓಡಿದ್ಲು."

ಗಂಟಲಣ್ಣ ಕಂಬಕ್ಕೆ ಒರಗಿದ. ಮೇಲೆತ್ತಿದ ಆ ಕೈ, ಆ ನಗು. ಅಷ್ಟು ದೂರ ಅವನು ದಿನವೂ ಬಸ್ಸಿನಲ್ಲಿ ಹೋಗುವವನು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ. ಕಡ್ಡಿ ಅವನನ್ನು ಅಲ್ಲೇ ಬಿಟ್ಟು ಮತ್ತೆ ಓಡಲು ಹೋದಳು.

ಆ ಸಂಜೆ ಮಗಳು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ, ಅವಳ ಮುಖ ನೋಡಬೇಕಾಗದ ಹಾಗೆ ಕೂತ. ಅವತ್ತು ನೀನು ನಿಲ್ಲದೆ ಓಡಿ ಬಂದದ್ದು ನನಗೆ ಗೊತ್ತಾಗಲಿಲ್ಲ, ತಪ್ಪಾಯಿತು ಎಂದ. ಎಷ್ಟು ಮೆಲ್ಲಗೆ ಎಂದರೆ ಅವಳು ಓದುವುದನ್ನು ನಿಲ್ಲಿಸಿ ಏನು ಎಂದು ಕೇಳಿದಳು. ಇನ್ನೊಮ್ಮೆ ಹೇಳಿದ, ಅದೂ ಅಷ್ಟೇ ಮೆಲ್ಲಗೆ.

"ಅದನ್ನ ಊರಿಗೆಲ್ಲ ಕೇಳೋ ಹಾಗೆ ಕೂಗಿದ್ದೆ. ಇದನ್ನ ಯಾಕಪ್ಪ ಇಷ್ಟು ಮೆಲ್ಲಗೆ ಹೇಳ್ತೀಯ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಮೊದಲ ಮೂಟೆ ಹಲಗೆಗೆ ಬಿತ್ತು, ಮುಳ್ಳು ನಿಂತಿತು, ಹಮಾಲರು ಕಾದರು. ಗಂಟಲಣ್ಣ ಕಣ್ಣುಮುಚ್ಚಿ ತನ್ನ ರಾಗದಲ್ಲೇ ಕೂಗಿದ: "ನನ್ನ ಮಗಳು ಮನೆಯಿಂದ ಇಲ್ಲಿ ತನಕ ನಿಲ್ಲದೆ ಓಡಿ ಬಂದಿದ್ಲು." ರೂಢಿ ದೊಡ್ಡದು ನೋಡಿ, ಮಕ್ಕಳಿಲ್ಲದವರೂ ಮದುವೆಯಾಗದವರೂ ಸೇರಿ ಎಲ್ಲರೂ ನನ್ನ ಮಗಳು ಎಂದು ಶುರುಮಾಡಿ, ಅರ್ಧಕ್ಕೆ ತಡವರಿಸಿ, ಹೇಗೋ ಮುಗಿಸಿದರು. ಯಾರೂ ನಗಲಿಲ್ಲ. ಗುಮಾಸ್ತನಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ನಾಚಿಕೆಯಿಂದ ಗಂಟಲಣ್ಣನ ಕಿವಿ ಬಿಸಿಯಾಗಿತ್ತು. ಕೇಳಬೇಕಾದವಳು ಶಾಲೆಯಲ್ಲಿದ್ದಳು. ಈ ಮಾತನ್ನೂ ಮನೆಯಲ್ಲಿ ಹೇಳುತ್ತೇನೆ ಅಣ್ಣ ಎಂದು ಹಿರಿಯ ಹಮಾಲ ಹೇಳಿದ. ಹೇಳಿದನಂತೆ, ಮಗನ ಕಿವಿಯನ್ನೂ ಹಿಂಡಿದನಂತೆ. ಆದರೆ ಆ ಅಂಕಿ ಒಂದೇ ರಾತ್ರಿಯಲ್ಲಿ ಹೋದ ದಾರಿಯಲ್ಲಿ ಈ ಮಾತು ಕಾಲೆಳೆದುಕೊಂಡು ಹೋಯಿತು. ಕ್ಲಾಸಿನ ಕೂಗು ಒಮ್ಮೆಗೇ ನಿಲ್ಲಲಿಲ್ಲ, ಮೆಲ್ಲಮೆಲ್ಲಗೆ ಹಳಸಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಚಿಲಕ ಅಲ್ಲಾಡಿತು. ಕಡ್ಡಿ ಮತ್ತೆ ಬಂದಿದ್ದಳು. ಈ ಸಲ ಒಳಗೇ ಬಂದು, ಸೇತುವೆ ಹತ್ತಿರ ಮತ್ತೆ ನಿಂತುಬಿಡುತ್ತೇನೆ, ನೀನಿಲ್ಲದೆ ನನಗೆ ಅದನ್ನು ದಾಟೋಕೆ ಆಗಲ್ಲ ಎಂದು ಮಗಳಿಗೆ ದುಂಬಾಲು ಬಿದ್ದಳು. ಗಂಟಲಣ್ಣ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತ. ಕೊನೆಗೆ ಮಗಳು ಎದ್ದು ಕೂದಲು ಕಟ್ಟಿಕೊಂಡಳು. ಬೂಟಿನ ಡಬ್ಬ ತೆಗೆದಳು. ಅವನು ಏನಾದರೂ ಹೇಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟ.

"ಅಪ್ಪ, ನೀನು ಒಳಗಿರು," ಎಂದಳು ಅವಳು, ಲೇಸು ಕಟ್ಟುತ್ತ, ತಲೆಯೆತ್ತದೆ. "ನಾನು ಹೋಗೋವರೆಗೂ ನೋಡ್ಬೇಡ."

ಅವನು ಆಗಲಿ ಎಂದು ತಲೆಯಾಡಿಸಿ ಅಡುಗೆಮನೆಗೆ ಹೋದ. ಗೋಡೆಗೆ ಮುಖ ಮಾಡಿ ನಿಂತು, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ಕೈಗೆತ್ತಿಕೊಂಡ. ಹೊರಗೆ ಚಿಲಕದ ಸದ್ದಾಯಿತು. ಇನ್ನು ಹೆಜ್ಜೆಯ ಸದ್ದು ಕೇಳಿಸುತ್ತದೆ ಎಂದು ಅವನಿಗೆ ಗೊತ್ತಿತ್ತು, ಕೇಳಿಸಿದರೆ ತನ್ನ ಕಿವಿ ತೂಕ ಹಾಕದೆ ಸುಮ್ಮನಿರದು ಎಂದೂ ಗೊತ್ತಿತ್ತು. ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ತಲೆ ತಗ್ಗಿಸಿ ನಿಂತ.