ಉಸಿಪಾ ಮೇಲಿನ ಸೊಳ್ಳೆಪರದೆ

ಫಲೇಸಿ ಮಂಡಾ ಮ್ಜೂಜು ಪಟ್ಟಣದ ಹೈಕೋರ್ಟಿಗೆ ಬಂದಾಗ ಅವಳ ಕೈಚೀಲ ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ನ್ಕಾಟಾ ಬೇ ಬಳಿ, ಸರೋವರದ ದಂಡೆಯಲ್ಲಿ, ಬಿದಿರಿನ ಅಟ್ಟಗಳ ಮೇಲೆ ಉಸಿಪಾ ಮೀನು ಒಣಗಿಸುವುದೇ ಅವಳ ಬದುಕು. ಕಿರುಬೆರಳಿನುದ್ದದ ಆ ಮೀನನ್ನು ಮುಟ್ಟಿದರೆ ಸಾಕು, ಇನ್ನೆಷ್ಟು ಹೊತ್ತಿನ ಬಿಸಿಲು ಬೇಕೆಂದು ಹೇಳಬಲ್ಲಳು.

ಅಟ್ಟಗಳ ಮೇಲೆ ಅವಳು ಸೊಳ್ಳೆಪರದೆ ಹೊದಿಸುತ್ತಿದ್ದಳು. ಅದೇ ಅಪರಾಧವಾಯಿತು. ಸಣ್ಣ ಕಣ್ಣಿನ ಬಲೆಯನ್ನು ಯಾರೂ ದಂಡೆಯಲ್ಲಿ ಇಟ್ಟುಕೊಳ್ಳಕೂಡದು ಎನ್ನುತ್ತದೆ ಮೀನುಗಾರಿಕೆ ಕಾಯ್ದೆಯ ಹದಿನಾಲ್ಕನೆಯ ಕಲಂ. ಕೆಳಗಿನ ಕೋರ್ಟು ಅದನ್ನು ಅಕ್ಷರಶಃ ಓದಿ ಪರದೆ ಮುಟ್ಟುಗೋಲು ಹಾಕಿಕೊಂಡಿತು, ಪರವಾನಗಿಯನ್ನು ಮೂರು ವರ್ಷ ರದ್ದು ಮಾಡಿತು. ಮೇಲ್ಮನವಿ ಸೋತರೆ ಮೂರು ವರ್ಷ ಅಟ್ಟ ಖಾಲಿ.

ಉಚಿತ ಕಾನೂನು ನೆರವಿನ ವಕೀಲ ವೊಂಗಾನಿ ಪಡಸಾಲೆಯಲ್ಲಿ ಓಡುತ್ತಲೇ ಬಂದ. "ಅಮ್ಮಾ, ಅದೇ ಕಾಯ್ದೇಲಿ ಮೂವತ್ತೊಂದನೇ ಕಲಂ ಸಿಕ್ತು! ಒಣಗೋ ಮೀನಿನ ಮೇಲೆ ನೊಣ ಕೂರದ ಹಾಗೆ ಮುಚ್ಚಲೇಬೇಕಂತೆ. ಮುಚ್ಚಿ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?"

"ಇಲ್ಲಪ್ಪ," ಎಂದಳು ಫಲೇಸಿ. ಅದು ಸುಳ್ಳು. ಪಕ್ಕದ ಅಟ್ಟದ ಟೆಲೇಜಿಯಾ ವಿಚಾರಣೆ ನೋಡಲೆಂದು ಬಂದು ಅದೇ ಬೆಂಚಿನಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಆರೋಗ್ಯ ಇನ್ಸ್‌ಪೆಕ್ಟರು ಫಲೇಸಿಗೆ ಒಂದು ನೋಟಿಸು ಕೊಟ್ಟಿದ್ದರು. ಅವಳು ಅದನ್ನು ಪರವಾನಗಿಯ ಪ್ಲಾಸ್ಟಿಕ್ ಹಾಳೆಯೊಳಗೆ, ಹಿಂಬದಿಗೆ ತುರುಕಿಟ್ಟು ಯಾರಿಗೂ ತೋರಿಸಿರಲಿಲ್ಲ. ಮೀನಿಗೆ ನೊಣದ ಹೆಸರು ಅಂಟಿದರೆ ಗಿರಾಕಿ ನೇರ ಟೆಲೇಜಿಯಾಳ ಅಟ್ಟಕ್ಕೆ.

ವಿಚಾರಣೆ ಶುರುವಾದಾಗ ಸರ್ಕಾರಿ ವಕೀಲರು ಗಟ್ಟಿಯಾಗಿಯೇ ವಾದಿಸಿದರು. "ಪದಗಳು ಸ್ಪಷ್ಟ ಇವೆ ಮಹಾಸ್ವಾಮಿ. ಇಟ್ಟುಕೊಳ್ಳಕೂಡದು, ಅಷ್ಟೇ."

ನ್ಯಾಯಾಧೀಶೆ ಕನ್ನಡಕ ತೆಗೆದರು. "ದಂಡೆ ಗುಡಿಸಲಲ್ಲಿ ಮಗು ಪರದೆ ಒಳಗೆ ಮಲಗಿದ್ರೆ? ಅದರ ತಾಯಿನೂ ಹಿಡೀತೀರಾ?"

"ಅಕ್ಷರದ ಪ್ರಕಾರ... ಹೌದು."

ಹಿಂದಿನ ಸಾಲು ಗೊಳ್ಳೆಂದಿತು. ವಕೀಲರು ಬೆವರು ಒರೆಸಿಕೊಂಡರು, ಆದರೂ ಬಿಡಲಿಲ್ಲ. "ಮೂವತ್ತೊಂದು ಮುಚ್ಚು ಅನ್ನುತ್ತೆ, ಸೊಳ್ಳೆಪರದೆಯಲ್ಲೇ ಮುಚ್ಚು ಅನ್ನಲ್ಲ. ಚಾಪೆ ಹಾಕಬಹುದಿತ್ತು. ಈಕೆ ಅದೇ ಪರದೆಯಲ್ಲಿ ಮೀನುಮರಿ ಬಾಚಿ, ಆಮೇಲೆ ಅಟ್ಟದ ಮೇಲೆ ಹರವಿಲ್ಲ ಅಂತ ಏನು ಗ್ಯಾರಂಟಿ?"

ಫಲೇಸಿಯ ಮೈ ಉರಿಯಿತು. ತಾನು ಮೀನುಮರಿ ಬಾಚುವುದೇ? ಯಾರೂ ಕರೆಯದೆ ಎದ್ದು ನಿಂತು, ಪರವಾನಗಿಯ ಹಿಂಬದಿಯಿಂದ ನೋಟಿಸು ಹೊರಗೆಳೆದಳು.

"ಚಾಪೆ ಹಾಕಿದ್ರೆ ಮೀನು ಕೊಳೆಯುತ್ತೆ ಸ್ವಾಮಿ! ಗಾಳಿ ಬೇಕು! ಇಲ್ಲಿದೆ ನೋಡಿ, ನಿಮ್ಮ ಸರ್ಕಾರದ್ದೇ ಕಾಗದ. ನನ್ನ ಮೀನಿನ ಮೇಲೆ ನೊಣ ಕೂತಿತ್ತು. ಹೌದು, ಕೂತಿತ್ತು!"

"ನೊಣ!" ಹಿಂದಿನಿಂದ ಟೆಲೇಜಿಯಾಳ ಧ್ವನಿ.

ಸದ್ದು ಮಾಡಬಾರದೆಂದು ಎಚ್ಚರಿಸಿ ನ್ಯಾಯಾಧೀಶೆ ನೋಟಿಸನ್ನು ಗಟ್ಟಿಯಾಗಿ ಓದಿದರು: ಮೂವತ್ತೊಂದನೆಯ ಕಲಮಿನಂತೆ ಏಳು ದಿನದೊಳಗೆ ಸೊಳ್ಳೆಪರದೆ ಹೊದಿಸತಕ್ಕದ್ದು. ಸರ್ಕಾರಿ ವಕೀಲರು ಕುಳಿತರು.

ಮಧ್ಯಾಹ್ನ ತೀರ್ಪು ಬಂತು. ಒಂದು ಕಲಂ ಮುಚ್ಚು ಎಂದದ್ದನ್ನು ಇನ್ನೊಂದು ಅಪರಾಧ ಎನ್ನುವಂತೆ ಶಾಸನಸಭೆ ಬರೆದಿರಲಾರದು. ಎರಡನ್ನೂ ಜೊತೆಯಲ್ಲಿಟ್ಟು, ಎರಡೂ ಬದುಕುವಂತೆ ಓದಬೇಕು. ಕಾಯ್ದೆ ಹುಟ್ಟಿದ್ದು ನೀರಿನಲ್ಲಿರುವ ಮರಿಗಳನ್ನು ಉಳಿಸಲು. ಆದ್ದರಿಂದ ಹದಿನಾಲ್ಕರಲ್ಲಿ ಇಟ್ಟುಕೊಳ್ಳುವುದೆಂದರೆ ಹಿಡಿಯಲೆಂದು ಇಟ್ಟುಕೊಳ್ಳುವುದು. "ಅಟ್ಟದ ಮೇಲಿನ ಮೀನನ್ನು ಇನ್ನೊಮ್ಮೆ ಹಿಡಿಯಲಾಗದು," ಎಂದು ನ್ಯಾಯಾಧೀಶೆ ಕಡತ ಮುಚ್ಚಿದರು. ಪರವಾನಗಿ ಊರ್ಜಿತ, ಮುಟ್ಟುಗೋಲಾದ ಪರದೆ ವಾಪಸು.

ಫಲೇಸಿ ಪಡಸಾಲೆಯಲ್ಲೇ ಪರದೆ ಬಿಡಿಸಿ, ಹರಿದಿದೆಯೇ ಎಂದು ಮೂಲೆಮೂಲೆ ನೋಡಿದಳು. ಇನ್ನೊಂದು ತುದಿ ಹಿಡಿದಿದ್ದ ವೊಂಗಾನಿ ಕುಣಿಯುವುದೊಂದು ಬಾಕಿ.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಅವಳನ್ನ ನೋಡು, ಗೊತ್ತಾಗುತ್ತೆ."

ಟೆಲೇಜಿಯಾ ಬಾಗಿಲಲ್ಲಿ ಕಾದಿದ್ದಳು. "ಏನೇ ನೊಣದಕ್ಕ, ನಾಳೆ ದಂಡೇಲೆಲ್ಲ ಸಾರ್ತೀನಿ ನೋಡು."

"ಸಾರೇ, ಸಾರು! ನನ್ನ ಮೀನಿಗೆ ಹೈಕೋರ್ಟೇ ಪರದೆ ಹೊದಿಸಿದೆ ಅಂತಾನೂ ಸೇರಿಸು. ನಿನ್ನ ಮೀನಿಗೆ ಏನು ಹೊದಿಸಿದ್ದೀಯ?"

ಊರಿಗೆ ಮರಳುವ ಮಿನಿಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಟೆಲೇಜಿಯಾ ಕೇಳಿದಳು: "ಅಲ್ಲ ಕಣೇ, ಒಂದು ಅಟ್ಟಕ್ಕೆ ಎಷ್ಟು ಪರದೆ ಬೇಕಾಗುತ್ತೆ?"