ಕೆಂಪು ಚುಕ್ಕೆ ಇಟ್ಟ ವಾಕ್ಯ

ಮೊನ್ನೆ ಅಂಗಡಿಯ ಡ್ರಾಯರ್ ಒರೆಸುವಾಗ ಒಂದು ಕೆಂಪು ಪೆನ್ಸಿಲ್ ಸಿಕ್ಕಿತು. ಹೆಬ್ಬೆರಳಿನಷ್ಟೂ ಉದ್ದವಿಲ್ಲ. ಹಿಂತುದಿಯಲ್ಲಿ ಹಲ್ಲಿನ ಗುರುತು. ಮೂಗಿನ ಹತ್ತಿರ ಹಿಡಿದರೆ ಇನ್ನೂ ನಶ್ಯದ ವಾಸನೆ... ಮೇಷ್ಟ್ರದು.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಂಡಿದ್ದವಳ ಮುಂದೆ ಅವರು ಒಂದು ದಿನ ಕೈಬರಹದ ಕಟ್ಟು ತಂದಿಟ್ಟರು. ನಿವೃತ್ತ ಹೈಸ್ಕೂಲು ಮೇಷ್ಟ್ರು, ಲಕ್ಕೂರಿನ ಕಡೆಯವರು. ಶ್ರೀನಿವಾಸಪುರದಲ್ಲಿ ಬಾಳಿ ತೀರಿಹೋದ ಒಬ್ಬ ಕಾದಂಬರಿಕಾರರ ಜೀವನಚರಿತ್ರೆ ಬರೆಯುತ್ತಿದ್ದರು. ಆ ಕಾದಂಬರಿಕಾರರು ಸಾವು, ದೇವರು, ನಾನು ಯಾರು ಎಂಬಂಥದ್ದನ್ನೆಲ್ಲ ಕತೆಯಲ್ಲಿ ಕೇಳಿದವರಂತೆ. ಅವರ ದೊಡ್ಡ ಕಾದಂಬರಿ ಮೇಷ್ಟ್ರಿಗೆ ಬಾಯಿಪಾಠವಾಗಿತ್ತು.

ಬರೆದ ಪ್ರತಿ ಸಂಗತಿಯ ಪಕ್ಕ ಮೇಷ್ಟ್ರು ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಅದನ್ನು ಇಬ್ಬರು ಹೇಳಬೇಕು, ಒಂದು ಕಾಗದವೂ ಹೇಳಬೇಕು. ಆಮೇಲೆ ಚುಕ್ಕೆಯ ಮೇಲೆ ನೀಲಿ ಟಿಕ್ ಬೀಳುತ್ತಿತ್ತು. ಕಾದಂಬರಿಕಾರರ ಹುಟ್ಟಿದ ದಿನಕ್ಕೇ ಮೂರು ತಿಂಗಳು ಅಲೆದರು. "ಶಾಲೆ ರಿಜಿಸ್ಟರ್ ನಂಬಂಗಿಲ್ಲ ಕಣಮ್ಮ. ಆಗಿನ ಹೆಡ್ಮಾಸ್ಟ್ರು ಅರ್ಧ ಊರನ್ನ ಒಂದೇ ದಿನ ಹುಟ್ಟಿಸಿಬಿಟ್ಟಿದ್ದಾರೆ," ಎಂದು ನಕ್ಕಿದ್ದರು.

ತಪ್ಪು ಮಾಡಿದವಳು ನಾನು. ಕೊನೆಯ ಅಧ್ಯಾಯ ಟೈಪ್ ಮಾಡಿ, ಅವರನ್ನು ಕೇಳದೆ ಕೋಲಾರದ ಪ್ರೆಸ್ಸಿಗೆ ಕಳಿಸಿಬಿಟ್ಟೆ. ಕಂಪ್ಯೂಟರಿನಲ್ಲಿ ಕೆಂಪು ಚುಕ್ಕೆ ಮೂಡುವುದಿಲ್ಲವಲ್ಲ... ಟಿಕ್ ಇಲ್ಲದ ಒಂದು ವಾಕ್ಯ ಅದರಲ್ಲಿ ಉಳಿದಿತ್ತು: 'ಈ ಕಾದಂಬರಿಯ ಮೂಲ, ಬೇರೊಬ್ಬರು ಬರೆದ ತೆಲುಗು ಹಸ್ತಪ್ರತಿ.'

ಮರುದಿನ ಮಧ್ಯಾಹ್ನ ಹೇಳಿದಾಗ ಮೇಷ್ಟ್ರು ಬೈಯಲಿಲ್ಲ. ಬೆಂಚಿನ ಮೇಲೆ ಕೂತುಬಿಟ್ಟರು. ಕಾದಂಬರಿಕಾರರ ಹೆಂಡತಿಯ ಮನೆಯಲ್ಲಿ ಅವರು ಒಂದು ಹಳೆಯ ನೋಟ್‌ಬುಕ್ ಕಂಡಿದ್ದರಂತೆ. ಕಾದಂಬರಿ ಅಚ್ಚಾಗುವುದಕ್ಕೂ ಮೊದಲಿನದು. ಅಧ್ಯಾಯಗಳು ಕಾದಂಬರಿಯಲ್ಲಿದ್ದಷ್ಟೇ. ಆದರೆ ಅಕ್ಷರ ತೆಲುಗು, ಕೈಬರಹ ಬೇರೆಯವರದು. ಒಂದು ಸಲ ನೋಡುವಷ್ಟರಲ್ಲಿ ಆ ಅಜ್ಜಿ ಕಿತ್ತುಕೊಂಡರಂತೆ.

ಪ್ರೆಸ್ಸಿಗೆ ಫೋನ್ ಮಾಡಿದೆವು. ನಾಲ್ಕು ಗಂಟೆಗೆ ಅಚ್ಚಿನ ಪ್ಲೇಟ್ ಹಾಕುತ್ತೇವೆ, ಅಷ್ಟರೊಳಗೆ ಹೇಳಿ ಎಂದರು.

"ತೆಗೆಸಿಬಿಡೋಣ ಸಾರ್," ಎಂದೆ.

"ನಿಜ ಆಗಿದ್ರೆ? ಅವರ ಮೇಲಿನ ಪ್ರೀತಿಗೆ ಮುಚ್ಚಿಟ್ಟಂಗೆ ಆಗಲ್ವಾ?" ಎಂದು ಮೇಷ್ಟ್ರು ಎದ್ದರು. "ನಡಿ. ನಿಂಗೆ ತೆಲುಗು ಓದಕ್ಕೆ ಬರುತ್ತಲ್ಲ."

ಬರುತ್ತಿತ್ತು. ನನ್ನ ತಾಯಿಯ ಊರು ಗಡಿಯಾಚೆ, ಐದನೇ ಕ್ಲಾಸಿನವರೆಗೆ ಅಲ್ಲೇ ಓದಿದ್ದೆ. ಮೇಷ್ಟ್ರು ತೆಲುಗು ಸೊಗಸಾಗಿ ಮಾತಾಡುತ್ತಿದ್ದರು, ಆದರೆ ಕೈಬರಹ ಬಿಡಿಸಿ ಓದಲು ಆಗುತ್ತಿರಲಿಲ್ಲ.

ಶ್ರೀನಿವಾಸಪುರದ ಬಸ್ಸು ದಾರಿಯುದ್ದಕ್ಕೂ ಮಾವಿನಕಾಯಿ ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಮೇಷ್ಟ್ರು ಗಡಿಯಾರ ನೋಡುತ್ತ ಪೆನ್ಸಿಲಿನ ತುದಿ ಕಚ್ಚುತ್ತಿದ್ದರು. ನಾವು ಬಾಗಿಲು ತಟ್ಟಿದಾಗ ಮೂರು ದಾಟಿತ್ತು.

"ಏಮಯ್ಯಾ, ಮತ್ತೆ ಬಂದ್ಯಾ? ಪೊಲೀಸ್ನೋರು ಕೂಡ ಇಷ್ಟು ಸಲ ಬರಲ್ಲ," ಎಂದರು ಅಜ್ಜಿ. ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಇವಳ್ಯಾರು, ಸಾಕ್ಷೀನಾ?"

ಮೇಷ್ಟ್ರು ಸುತ್ತಿಬಳಸಲಿಲ್ಲ. "ಅಮ್ಮಾ, ನಿಮ್ಮೋರು ಆ ಪುಸ್ತಕ ಕದ್ದರು ಅಂತ ಇವತ್ತು ಸಾಯಂಕಾಲ ಅಚ್ಚಾಗುತ್ತೆ. ಬರೆದೋನು ನಾನೇ. ಸುಳ್ಳಾದ್ರೆ ಈಗಲೇ ತೋರಿಸಿ."

ಅಜ್ಜಿ ಕದಕ್ಕೆ ಕೈ ಹಾಕಿದರು. ಹೊರಗೆ ಹಾಕುತ್ತಾರೆ ಎಂದುಕೊಂಡೆ. ಒಳಗೆ ಹೋಗಿ, ಸೀರೆ ತುಂಡಿನಲ್ಲಿ ಸುತ್ತಿದ್ದ ನೋಟ್‌ಬುಕ್ ತಂದು ನನ್ನ ಕೈಗೆ ಹಾಕಿದರು. "ಓದಮ್ಮಾಯಿ. ಗಟ್ಟಿಯಾಗಿ ಓದು."

ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಬಾವಿಗೆ ಇಣುಕಿದವನಿಗೆ... ಮೊದಲು ಕಾಣುವುದು... ತನ್ನ ಮುಖ..."

ನನ್ನ ಬಾಯಿಂದ ಬರುತ್ತಿದ್ದದ್ದು ಕನ್ನಡ ಎಂದು ನನಗೆ ಹೊಳೆಯುವ ಮೊದಲೇ ಮೇಷ್ಟ್ರು ಕಣ್ಣು ಮುಚ್ಚಿ ಮುಗಿಸಿದರು: "ನೀರು ಆಮೇಲೆ."

ಅಕ್ಷರ ಮಾತ್ರ ತೆಲುಗು.

"ಕಣ್ಣು ಹೋಗಿತ್ತು ಅವರಿಗೆ, ಯಾರಿಗೂ ಹೇಳ್ಬೇಡ ಅಂದಿದ್ರು," ಎಂದರು ಅಜ್ಜಿ. "ಅವರು ಹೇಳ್ತಿದ್ರು, ನಾನು ಬರೀತಿದ್ದೆ. ನಂಗೆ ಬರೋದು ಇದೇ ಅಕ್ಷರ. ಆಮೇಲೆ ನಾನು ಓದ್ತಿದ್ದೆ, ಅವರ ತಮ್ಮ ಕನ್ನಡದಲ್ಲಿ ಇಳಿಸ್ಕೊತಿದ್ದ. ಅವನೂ ಹೋದ."

ಮೇಷ್ಟ್ರು ಪ್ರೆಸ್ಸಿನ ನಂಬರ್ ಒತ್ತಿ ಫೋನ್ ನನ್ನ ಕೈಗೆ ಕೊಟ್ಟರು. ಆ ಪುಟ ತಡೆಯಿರಿ ಎಂದು ನಾನೇ ಹೇಳಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತರು. ನೋಟ್‌ಬುಕ್ಕಿನಲ್ಲಿ ಕೆಲವು ಸಾಲು ಹೊಡೆದುಹಾಕಿ ಬೇರೆ ಬರೆದಿತ್ತು. "ಅಮ್ಮಾ, ಇದರಲ್ಲಿ ನಿಮ್ಮ ಮಾತೂ ಇದೆಯಾ?"

"ಉಪ್ಪು ಯಾವ ಅನ್ನದ ಕಾಳಲ್ಲಿದೆ ಅಂತ ಆರಿಸಿ ಕೊಡ್ಲಾ?" ಎಂದು ಅಜ್ಜಿ ಕದ ಹಾಕಿಕೊಂಡರು.

ಬಸ್ಸಿನಲ್ಲಿ ಮೇಷ್ಟ್ರು ಅಜ್ಜಿಯ ಆ ಮಾತನ್ನೂ ಬರೆದುಕೊಂಡು ಪಕ್ಕದಲ್ಲಿ ಕೆಂಪು ಚುಕ್ಕೆ ಇಟ್ಟರು. ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಪುಸ್ತಕದಲ್ಲಿ 'ಪತ್ನಿಯ ಕೈಬರಹ' ಎಂದಷ್ಟೇ ಬಂತು. ಅಜ್ಜಿ ಮುಂದಿನ ವರ್ಷ ಹೋದರು. ಆ ಚುಕ್ಕೆ ಹಾಗೇ ಉಳಿಯಿತು...

ಈಗ ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಲೇಖಕರ ಬಗ್ಗೆ ನಾಲ್ಕು ಸಾಲು ನೀವೇ ಬರೆದುಕೊಡಿ ಎಂದು ಮೇಷ್ಟ್ರ ಮಗಳು ಕೇಳಿದಳು. ಹುಟ್ಟಿದ ಊರು, ಪಾಠ ಮಾಡಿದ ಶಾಲೆ ಬರೆದೆ. ಮೇಷ್ಟ್ರ ಹುಟ್ಟಿದ ದಿನ ಯಾವುದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ಕೊನೆಯಲ್ಲಿ 'ಅವರು ಈಗ ನಮ್ಮೊಂದಿಗಿಲ್ಲ' ಎಂದು ಬರೆದು, ಡ್ರಾಯರಿನಲ್ಲಿ ಸಿಕ್ಕಿದ ಆ ಪೆನ್ಸಿಲಿನಿಂದ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟೆ.

ಮಗಳು ಹೇಳಿದ್ದಾಳೆ. ಅವರ ಮಣ್ಣಿಗೆ ಹೋಗಿಬಂದ ನಾನೂ ಹೇಳಬಲ್ಲೆ. ಆಸ್ಪತ್ರೆಯ ಕಾಗದವೂ ಇದೆ. ನೀಲಿ ಪೆನ್ನು ಮೇಜಿನ ಮೇಲೇ ಇದೆ. ನನಗಿನ್ನೂ ಟಿಕ್ ಹಾಕಲು ಆಗಿಲ್ಲ.