ಕ್ಯಾಲಿಫೋರ್ನಿಯಾದ ಉಷ್ಣ

ಮೈಸೂರಿನವರಿಗೆ ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಉಷ್ಣದಿಂದಲೇ ಬರುತ್ತವೆ. ಕಣ್ಣು ಉರಿದರೆ ಉಷ್ಣ, ಬಾಯಲ್ಲಿ ಹುಣ್ಣಾದರೆ ಉಷ್ಣ, ಮಗು ಹಠ ಹಿಡಿದರೂ ಒಮ್ಮೊಮ್ಮೆ ಉಷ್ಣವೇ. ಕಳೆದ ವರ್ಷ ತೀರಿಕೊಂಡ ನಮ್ಮ ಯಜಮಾನರು ಸ್ಯಾನ್ ಡಿಯೇಗೋಗೆ ಬಂದಮೇಲೂ ಈ ಶಾಸ್ತ್ರವನ್ನು ಬಿಟ್ಟಿರಲಿಲ್ಲ. ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದವರು, ಅಳೆಯದೆ ಏನನ್ನೂ ನಂಬದವರು, ಉಷ್ಣವನ್ನು ಮಾತ್ರ ಅಳೆಯದೆಯೇ ನಂಬಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಅಲ್ಲಿನ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಇವರು ಹಲ್ಲುಜ್ಜಿ ಉಗುಳಿದರೆ ಸಿಂಕು ಕೆಂಪಾಗುತ್ತಿತ್ತು.

"ಇಲ್ಲಿನ ಒಣಗಾಳಿ ಕಣೇ, ಉಷ್ಣ ಆಗಿದೆ. ತಂಪಿಗೆ ಏನಾದ್ರೂ ಮಾಡು."

ಇವರ ಪ್ರಕಾರ ತಂಪು ಎಂದರೆ ಬೆಲ್ಲದ ಪಾನಕ, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ. ಇವರಂಥ ಸಕ್ಕರೆ ಕಾಯಿಲೆಯವರಿಗೆ ಇಷ್ಟು ಅನುಕೂಲವಾದ ಎರಡನೆಯ ಕಾಯಿಲೆ ಸಿಗಲಾರದು.

"ಮಜ್ಜಿಗೆಯೂ ತಂಪೇ ಅಲ್ವೇನ್ರೀ," ಎಂದು ಲೋಟ ಮುಂದಿಟ್ಟೆ. ಮುಖ ಸಣ್ಣಗೆ ಮಾಡಿಕೊಂಡು ಕುಡಿದರು.

ಆದರೆ ಸಕ್ಕರೆ ಪಥ್ಯಕ್ಕೂ ಜಗ್ಗಲಿಲ್ಲ, ಮಾತ್ರೆಗೂ ಜಗ್ಗಲಿಲ್ಲ. ಲಾಸ್ ಏಂಜಲೀಸ್ ಕಡೆ, ವೆಸ್ಟ್ ಕೊವಿನಾದಲ್ಲಿ, ಹುಬ್ಬಳ್ಳಿಯ ಡಾಕ್ಟರೊಬ್ಬರು ನಮಗೆ ಗೆಳೆಯರಾಗಿದ್ದರು. ರಕ್ತದ ರಿಪೋರ್ಟು ನೋಡಿ, "ಮುಂದಿನ ಸಲಾನೂ ಹಿಂಗ ಇದ್ರ ಇನ್ಸುಲಿನ್ ಚುಚ್ಚಿಸ್ಕೋಬೇಕಾಗ್ತದ್ರೀ," ಎಂದರು.

ಸೂಜಿ ಎಂದರೆ ಇವರಿಗೆ ಪ್ರಾಣಭಯ. ಮಗಳಿಗೆ ಲಸಿಕೆ ಹಾಕಿಸುವ ದಿನ ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಆ ಭಯದಲ್ಲಿ ವಾದಕ್ಕಿಳಿದರು. "ಇದು ಸಕ್ಕರೆ ಅಲ್ಲ ಡಾಕ್ಟ್ರೇ, ಎಲ್ಲಾ ಉಷ್ಣ. ನೋಡಿ ಬೇಕಾದ್ರೆ, ವಸಡಲ್ಲೂ ರಕ್ತ ಬರುತ್ತೆ," ಎಂದು ಸಾಕ್ಷಿಗೆ ಬಾಯಿ ತೆರೆದು ತೋರಿಸಿದರು. ಅದೇ ಇವರನ್ನು ಕಾಪಾಡಿತು.

ಡಾಕ್ಟರು ಟಾರ್ಚು ಹಿಡಿದರು. "ಬಾಯಾಗ ಇಷ್ಟು ಕೀವು ಇಟ್ಗೊಂಡು ಸಕ್ಕರಿ ಇಳೀಲಿ ಅಂದ್ರ ಹ್ಯಾಂಗ ಇಳೀತದ್ರೀ? ಮೊದಲ ಹಲ್ಲಿನ ಡಾಕ್ಟರ್ ಕಡೆ ಹೋಗ್ರಿ. ಸೂಜಿ ಆಮ್ಯಾಲ ನೋಡೂಣು."

ಸಕ್ಕರೆ ಹೆಚ್ಚಾದರೆ ವಸಡು ಕೆಡುತ್ತದಂತೆ. ವಸಡಿನಲ್ಲಿ ಸೋಂಕು ಬೀಡುಬಿಟ್ಟರೆ ಸಕ್ಕರೆ ಇಳಿಯಲು ಒಪ್ಪುವುದಿಲ್ಲವಂತೆ. ಒಬ್ಬರನ್ನೊಬ್ಬರು ಕೆಡಿಸುವ ಗೆಳೆಯರ ಹಾಗೆ. ಒಬ್ಬನನ್ನು ದಾರಿಗೆ ತಂದರೆ ಇನ್ನೊಬ್ಬನೂ ಸ್ವಲ್ಪ ತಗ್ಗುತ್ತಾನೆ.

ಹಲ್ಲಿನ ಡಾಕ್ಟರು ಕೆಲವು ಸಲ ಕರೆಸಿ, ವಸಡಿನಡಿಯ ಗಟ್ಟಿ ಕೊಳೆಯನ್ನೆಲ್ಲ ಕೆರೆದು ತೆಗೆದರು. ಮರಗಟ್ಟಿಸಲು ಅಲ್ಲಿಯೂ ಸೂಜಿ ಹಾಕುತ್ತಾರೆಂದು ಇವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ದಿನ ಮರಗಟ್ಟಿದ ತುಟಿಯಲ್ಲಿ ಹೊರಗೆ ಬಂದು ನನಗೆ ಏನೋ ಹೇಳಿದರು. ಬೈಗುಳವೆಂದು ಮಾತ್ರ ತಿಳಿಯಿತು.

ಮುಂದಿನ ರಿಪೋರ್ಟಿನಲ್ಲಿ ಸಕ್ಕರೆ ಇಳಿದಿತ್ತು. ಬಹಳವೇನಲ್ಲ, ಇನ್ಸುಲಿನ್ ಮುಂದಕ್ಕೆ ಹೋಗುವಷ್ಟು. ವಾಪಸು ಬರುವಾಗ ಫ್ರೀವೇಯಲ್ಲಿ ಇವರು ಗೆದ್ದವರಂತೆ ಡ್ರೈವ್ ಮಾಡುತ್ತಿದ್ದರು.

"ಉಷ್ಣ ಇಳೀತು ನೋಡೇ."

ಸೂಜಿ ತಪ್ಪಿದ ಸಂತೋಷಕ್ಕೆ ಯಾವ ಹೆಸರಿಟ್ಟರೇನು.

ಆ ಇನ್ಸುಲಿನ್ ಸೂಜಿ ಕೊನೆಯವರೆಗೂ ಬರಲಿಲ್ಲ. ಗಟ್ಟಿಯಾದ ವಸಡಿನ ಹೆಮ್ಮೆಯಲ್ಲಿ ಇವರು ಸಂಜೆ ಟೀವಿಯ ಮುಂದೆ ಕೂತು ಒಂದೇ ಒಂದು ಕೊಡುಬಳೆಯನ್ನು ಕಟಕಟ ಕಡಿಯುತ್ತಿದ್ದರು. "ಮೆಲ್ಲಗೆ ಕಡೀರಿ, ವಾರ್ತೆ ಕೇಳಿಸಲ್ಲ," ಎಂದು ಗದರುತ್ತಿದ್ದೆ. ಈಗ ವಾರ್ತೆಯ ಪ್ರತಿಯೊಂದು ಮಾತೂ ಕೇಳಿಸುತ್ತದೆ. ಮೊನ್ನೆ ಕೊಡುಬಳೆ ಕರಿದು, ಅದೇ ಹೊತ್ತಿಗೆ ಕೂತು, ನಾನೇ ಜೋರಾಗಿ ಕಡಿದೆ. ಅರ್ಧ ವಾರ್ತೆ ತಪ್ಪಿಹೋಯಿತು. ತಪ್ಪಿದ್ದರಲ್ಲಿ ನನಗೆ ಬೇಕಾದದ್ದು ಏನೂ ಇದ್ದಂತೆ ಕಾಣಲಿಲ್ಲ.